ಬಯಲು ವೇದಿಕೆಯ ಬೇಸ್ ಗಿಟಾರ್: ಆಂಪ್ಲಿಫೈಯರ್ ಮತ್ತು ಸ್ಪೀಕರ್ ಬಾಕ್ಸ್ ಆರಿಸುವುದು ಹೇಗೆ?

ಬೇಸ್ ಗಿಟಾರಿನ ಧ್ವನಿ ಕೇಳುಗರಿಗೆ ಮುಟ್ಟಲು ಎರಡು ಸಾಧನ ಬೇಕು. ಪಿಕಪ್‌ನಿಂದ ಬರುವ ಕ್ಷೀಣ ವಿದ್ಯುತ್ ಸಂಕೇತಕ್ಕೆ ಬಲ ತುಂಬುವುದು ಆಂಪ್ಲಿಫೈಯರ್. ಆ ಬಲವನ್ನು ಗಾಳಿಯ ಅಲೆಯಾಗಿಸುವುದು ಸ್ಪೀಕರ್ ಬಾಕ್ಸ್. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಕಾಂಬೊ ಎನ್ನುತ್ತಾರೆ. ಬೇರೆ ಬೇರೆ ಇದ್ದರೆ ಹೆಡ್ ಮತ್ತು ಕ್ಯಾಬಿನೆಟ್. ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ವ್ಯಾಟ್?’ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಬೆಳುಂಕಿ, ಸಂಖ, ಉಮದಿ ಕಡೆಯ ಕಲಾವಿದರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ: ಈ ಬಾಕ್ಸ್ ಎಷ್ಟು ಗಾಳಿ ತಳ್ಳುತ್ತದೆ, ಇದರ ಧ್ವನಿ ಯಾರಿಗೆ ಕೇಳಬೇಕು, ಕರೆಂಟು ಎಲ್ಲಿಂದ ಬರುತ್ತದೆ? ಏಕೆಂದರೆ ಕರ್ನಾಟಕ–ಮಹಾರಾಷ್ಟ್ರದ ಈ ಗಡಿ ಭಾಗದ ರಸಮಂಜರಿ ನಡೆಯುವುದು ಬಹುಪಾಲು ಬಯಲಿನಲ್ಲಿ. ಜಾತ್ರೆಯ ಮೈದಾನ, ಗುಡಿಯ ಮುಂದಿನ ಕಟ್ಟೆ, ಕೆಲವೊಮ್ಮೆ ಜೋಡಿಸಿ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರ್, ಇವೇ ವೇದಿಕೆಗಳು. ಸಭಾಂಗಣಕ್ಕೆಂದು ಬರೆದ ಸಲಹೆಗಳು ಇಲ್ಲಿ ಅರ್ಧಕ್ಕರ್ಧ ಕೈಕೊಡುತ್ತವೆ.

ತಗ್ಗಿನ ಸ್ವರ, ಉದ್ದನೆಯ ಅಲೆ

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಇ. ಬಿಟ್ಟ ತಂತಿಯ ಮೂಲಸ್ವರ 41.2 ಹರ್ಟ್ಸ್. ಅದರ ಮೇಲಿನ ಎ 55, ಡಿ ಸುಮಾರು 73, ಜಿ 98 ಹರ್ಟ್ಸ್. ಐದು ತಂತಿಯ ವಾದ್ಯದಲ್ಲಿ ಇನ್ನೂ ಕೆಳಗೆ ಬಿ ಇರುತ್ತದೆ, ಸುಮಾರು 31 ಹರ್ಟ್ಸ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 41 ಹರ್ಟ್ಸ್‌ನ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಹಳ್ಳಿಯ ಎಷ್ಟೋ ವೇದಿಕೆಗಳು ಅಷ್ಟು ಅಗಲವೂ ಇರುವುದಿಲ್ಲ. ಇಷ್ಟು ದೊಡ್ಡ ಅಲೆ ಎಬ್ಬಿಸಲು ಸ್ಪೀಕರಿನ ಕೋನ್ ಬಹಳಷ್ಟು ಗಾಳಿಯನ್ನು ಹಿಂದೆ ಮುಂದೆ ನೂಕಬೇಕು. ಬೇಸ್ ಗಿಟಾರಿಗೆ ಬೇರೆಯದೇ ಸಲಕರಣೆ ಬೇಕಾಗುವುದು ಇದರಿಂದಲೇ.

ಲೀಡ್ ಗಿಟಾರಿನ ಆಂಪಿಗೆ ಬೇಸ್ ಚುಚ್ಚಿ ನುಡಿಸುವ ರೂಢಿ ಹಲವೆಡೆ ಇದೆ. ಮೆಲ್ಲಗೆ ಅಭ್ಯಾಸ ಮಾಡಲು ಅಡ್ಡಿಯಿಲ್ಲ, ವೇದಿಕೆಯ ಮೇಲೆ ಮಾತ್ರ ಬೇಡ. ಗಿಟಾರ್ ಸ್ಪೀಕರಿನ ಕೋನ್ ಕೆಲವೇ ಮಿಲಿಮೀಟರ್ ಆಡುವಂತೆ ಮಾಡಿದ್ದು. ಜೋರಾಗಿ ಬೇಸ್ ಕೊಟ್ಟರೆ ಕೋನಿನ ಹಿಂದಿನ ಕಾಯಿಲ್ ತನ್ನ ಜಾಗ ಬಿಟ್ಟು ಬಡಿಯುತ್ತದೆ, ಕೊನೆಗೆ ಕೋನ್ ಹರಿಯುತ್ತದೆ. ಹಳೆಯ ಮೈಕ್ ಸೆಟ್ಟಿನ ಹಾರ್ನ್ ಅಂತೂ ಮಾತಿಗೆ ಹುಟ್ಟಿದ್ದು. ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಅದರಿಂದ ಏನೂ ಬರುವುದಿಲ್ಲ. ಕೀಬೋರ್ಡ್ ಆಂಪ್ ಇದ್ದರೆ ಅದು ಇವೆರಡಕ್ಕಿಂತ ಎಷ್ಟೋ ವಾಸಿ.

ಬಯಲು ಎಷ್ಟು ನುಂಗುತ್ತದೆ?

ಕೋಣೆಯಲ್ಲಿ ಗೋಡೆ, ಸೂರು, ಮೂಲೆ ಎಲ್ಲವೂ ತಗ್ಗಿನ ಸದ್ದನ್ನು ಹಿಂದಿರುಗಿಸಿ ಹಿಗ್ಗಿಸುತ್ತವೆ. ಅಂಗಡಿಯಲ್ಲಿ ಎದೆ ನಡುಗಿಸಿದ ಬಾಕ್ಸ್ ಮೈದಾನಕ್ಕೆ ಬಂದಾಗ ಬಡವಾಗುವುದು ಅದೇ ಕಾರಣಕ್ಕೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಕೊಡುವ ಬಾಕ್ಸ್ ಇದೆ ಎನ್ನೋಣ. 300 ವ್ಯಾಟ್ ಕೊಟ್ಟರೆ ಅದಕ್ಕೆ ಸುಮಾರು 25 ಡೆಸಿಬೆಲ್ ಕೂಡಿ 120 ಆಗುತ್ತದೆ. ಒಂದು ಮೀಟರಿನಿಂದ 32 ಮೀಟರಿಗೆ ಹೋಗುವಾಗ ದೂರ ಐದು ಸಲ ಇಮ್ಮಡಿಯಾಗುತ್ತದೆ. 30 ಡೆಸಿಬೆಲ್ ಕಳೆದು ಉಳಿಯುವುದು 90. ಇದು ನಡುಸ್ವರಗಳ ಮಾತು. 41 ಹರ್ಟ್ಸ್‌ನಲ್ಲಿ ಆ ಬಾಕ್ಸ್ ತಾನೇ 10 ಡೆಸಿಬೆಲ್ ಸೋತಿದ್ದರೆ ಉಳಿಯುವುದು 80. ನಮ್ಮ ಕಿವಿಯೂ ತಗ್ಗಿನ ಸ್ವರಕ್ಕೆ ಮಂದ: 40 ಹರ್ಟ್ಸ್‌ನ 80 ಡೆಸಿಬೆಲ್ ನಮಗೆ ಕೇಳುವುದು 1000 ಹರ್ಟ್ಸ್‌ನ 40 ಡೆಸಿಬೆಲ್‌ಗಿಂತ ಹೆಚ್ಚೇನೂ ಅಲ್ಲ. ಅಂದರೆ ನೂರು ಅಡಿ ಆಚೆ, ಚುರುಮುರಿ ಅಂಗಡಿಯ ಪಕ್ಕ ನಿಂತವರಿಗೆ ವೇದಿಕೆಯ ಆಂಪಿನಿಂದ ಮೂಲಸ್ವರ ಮುಟ್ಟುವುದೇ ಇಲ್ಲ ಎನ್ನಬಹುದು.

ವ್ಯಾಟ್ ಹೆಚ್ಚಿಸಿದರೆ? ವ್ಯಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ವ್ಯಾಟ್ ಬೇಕು. 300 ವ್ಯಾಟಿನ ಹೆಡ್ ಬಿಟ್ಟು 500 ವ್ಯಾಟಿನದಕ್ಕೆ ಹೋದರೆ ಸಿಗುವ ಲಾಭ 2 ಡೆಸಿಬೆಲ್‌ನಷ್ಟು. ಅದೇ ದುಡ್ಡಿನಲ್ಲಿ ಮತ್ತೊಂದು ಅಂಥದೇ ಬಾಕ್ಸ್ ಕೂಡಿಸಿದರೆ ಕೋನಿನ ವಿಸ್ತಾರ ದುಪ್ಪಟ್ಟಾಗಿ ತಗ್ಗಿನ ಸದ್ದು ಎದ್ದು ಕಾಣುವಷ್ಟು ಏರುತ್ತದೆ. ದುಡ್ಡು ಮೊದಲು ಬಾಕ್ಸಿಗೆ, ಆಮೇಲೆ ವ್ಯಾಟಿಗೆ ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದಿಂದ. ಇನ್ನು ಪೇಟೆಯ ಸ್ಪೀಕರುಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ ‘ಪಿಎಂಪಿಒ’ ಅಂಕಿಗೆ ಬೆಲೆ ಕೊಡಬೇಡಿ. ನೋಡಬೇಕಾದದ್ದು ನಿರಂತರವಾಗಿ ಸಿಗುವ ಆರ್‌ಎಂಎಸ್ ವ್ಯಾಟ್.

ಬಾಕ್ಸ್: ಕಟ್ಟಿಗೆ ನುಡಿಯಬಾರದು

ಜತ್ತದವರಿಗೆ ಮಿರಜ ದೂರದ ಊರಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಸಿತಾರ್, ತಂಬೂರಿ ತಯಾರಿಗೆ ಹೆಸರಾದ ಊರು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಅಲ್ಲಿಯ ಕುಶಲಕರ್ಮಿ ಒಣಗಿದ ಕುಂಬಳದ ಬುರುಡೆಯನ್ನು ಬೆರಳಿನಿಂದ ತಟ್ಟಿ, ಅದು ನುಡಿಯುವ ಬಗೆ ನೋಡಿ ಆರಿಸುತ್ತಾನೆ. ತಂಬೂರಿಯಲ್ಲಿ ಬುರುಡೆಯೂ ಕಟ್ಟಿಗೆಯೂ ತಂತಿಯೊಂದಿಗೆ ಕಂಪಿಸಬೇಕು. ಸ್ಪೀಕರ್ ಬಾಕ್ಸಿನ ವಿಷಯ ಇದಕ್ಕೆ ತಿರುಗುಮುರುಗು. ಇಲ್ಲಿ ಕೋನ್ ಮತ್ತು ಒಳಗಿನ ಗಾಳಿ ಆಡಬೇಕು, ಹಲಗೆ ಅಲುಗಬಾರದು. ಹಲಗೆ ನಡುಗಿದರೆ ಕೆಲವು ಸ್ವರಗಳು ಉಬ್ಬಿ ‘ಬೊಂಯ್’ ಎನ್ನುತ್ತವೆ, ಕೆಲವು ಮಂಕಾಗುತ್ತವೆ. ಆದ್ದರಿಂದ ಒಳ್ಳೆಯ ಬಾಕ್ಸಿಗೆ 15ರಿಂದ 18 ಮಿಲಿಮೀಟರ್ ಪ್ಲೈವುಡ್, ಒಳಗೆ ಅಡ್ಡಪಟ್ಟಿಗಳ ಬಿಗಿತ, ಮೂಲೆಗಳಲ್ಲಿ ಗಾಳಿ ಸೋರದಂತೆ ಅಂಟು. ಪಾರ್ಟಿಕಲ್ ಬೋರ್ಡ್ ಅಗ್ಗವಾದರೂ ಜೀಪಿನಲ್ಲಿ ಕುಲುಕಿ, ಮಳೆಗೆ ನೆನೆದು ಬೇಗ ಪುಡಿಯಾಗುತ್ತದೆ.

ಬಾಕ್ಸ್ ಎರಡು ಬಗೆ. ಪೂರ್ತಿ ಮುಚ್ಚಿದ್ದು ಒಂದು. ಅದರ ತಗ್ಗಿನ ಸದ್ದು ನಿಧಾನವಾಗಿ ಇಳಿಯುತ್ತದೆ, ನುಡಿ ಬಿಗಿಯಾಗಿರುತ್ತದೆ. ಇನ್ನೊಂದಕ್ಕೆ ಪೋರ್ಟ್ ಎಂಬ ಕಿಂಡಿ ಇರುತ್ತದೆ. ಆ ಕಿಂಡಿಯ ಗಾಳಿ ಒಂದು ನಿರ್ದಿಷ್ಟ ಕಂಪನದಲ್ಲಿ ಕೋನಿಗೆ ನೆರವಾಗುವುದರಿಂದ ಅದೇ ಅಳತೆಯಲ್ಲಿ ಹೆಚ್ಚು ತಗ್ಗು ಸಿಗುತ್ತದೆ. ಆದರೆ ಕಿಂಡಿಯ ಕಂಪನಕ್ಕಿಂತ ಕೆಳಗಿನ ಸ್ವರ ಬಂದಾಗ ಕೋನಿಗೆ ಗಾಳಿಯ ತಡೆಯೇ ಇರುವುದಿಲ್ಲ, ಅದು ಅಂಕೆ ಮೀರಿ ಆಡುತ್ತದೆ. ಸ್ಪೀಕರು ಸುಡುವುದಕ್ಕಿಂತ ಹೀಗೆ ಆಡಿ ಆಡಿ ಹರಿಯುವುದೂ ಕಡಿಮೆಯೇನಿಲ್ಲ. 30–40 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್ ಹೆಡ್ಡಿನಲ್ಲೇ ಇದ್ದರೆ ಅಥವಾ ಪ್ರತ್ಯೇಕ ಪೆಡಲಾಗಿ ಸಿಕ್ಕರೆ ಬಿಡಬೇಡಿ.

ಬಾಕ್ಸ್ ಚಿಕ್ಕದಿರಬೇಕು, ತಗ್ಗಿನ ಸ್ವರ ಪೂರ್ತಿ ಬರಬೇಕು, ಕಡಿಮೆ ವ್ಯಾಟಿಗೆ ಜೋರಾಗಿರಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನೇ ಈಡೇರಿಸಬಹುದು. ಸ್ಪೀಕರ್ ತಂತ್ರಜ್ಞಾನದಲ್ಲಿ ಇದಕ್ಕೆ ಹಾಫ್‌ಮನ್ನನ ಕಬ್ಬಿಣದ ನಿಯಮವೆಂದೇ ಹೆಸರು. ಯಾವ ಕಂಪನಿಯೂ ಇದನ್ನು ದಾಟಿಲ್ಲ. ಸ್ಪೀಕರಿಗೆ ತಕ್ಕ ಬಾಕ್ಸಿನ ಗಾತ್ರವನ್ನು ಲೆಕ್ಕ ಹಾಕುವ ವಿಧಾನವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಇದು ನಮಗೆ ನೇರವಾಗಿ ಬೇಕಾದ ವಿಷಯ. ಸೌಂಡ್ ಸರ್ವಿಸ್‌ನವರಿಗೆ ಬಾಕ್ಸ್ ಮಾಡಿಕೊಡುವ ಬಡಗಿಯಿಂದ ಬೇಸ್ ಕ್ಯಾಬಿನೆಟ್ ಮಾಡಿಸುವುದು ಖರ್ಚಿನ ದೃಷ್ಟಿಯಿಂದ ಒಳ್ಳೆಯ ದಾರಿಯೇ. ಆದರೆ ಕಣ್ಣಳತೆಯಲ್ಲಿ ಮಾಡಿಸಬಾರದು. ಸ್ಪೀಕರಿನ ಜೊತೆ ಬರುವ ಹಾಳೆಯಲ್ಲಿ ‘ಥೀಲ್–ಸ್ಮಾಲ್’ ಅಂಕಿಗಳಿರುತ್ತವೆ. ಅವುಗಳಿಂದ ಬಾಕ್ಸಿನ ಒಳಗಾತ್ರ ಎಷ್ಟು ಲೀಟರ್, ಕಿಂಡಿ ಎಷ್ಟು ಅಗಲ, ಎಷ್ಟು ಉದ್ದ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಗರಗಸ ಹಿಡಿಯಬೇಕು.

ಹತ್ತು ಇಂಚೋ, ಹದಿನೈದೋ?

‘ಹತ್ತಿಂಚಿನದು ಚುರುಕು, ಹದಿನೈದರದ್ದು ಆಳ’ ಎಂಬ ಮಾತು ಕಲಾವಿದರ ನಡುವೆ ಗಟ್ಟಿಯಾಗಿ ಬೇರೂರಿದೆ. ಅದು ಅರ್ಧ ನಿಜ. ಹತ್ತಿಂಚಿನ ಕೋನಿನ ಕೆಲಸ ಮಾಡುವ ವಿಸ್ತಾರ ಸುಮಾರು 350 ಚದರ ಸೆಂಟಿಮೀಟರ್, ಹನ್ನೆರಡರದ್ದು 520, ಹದಿನೈದರದ್ದು 860ರ ಆಸುಪಾಸು. ಹತ್ತಿಂಚಿನವು ನಾಲ್ಕು ಸೇರಿದರೆ 1400. ಒಂದೇ ಹದಿನೈದಕ್ಕಿಂತ ಎಷ್ಟೋ ಹೆಚ್ಚು ಗಾಳಿ. ಆಳ ಎಷ್ಟು ಬರುತ್ತದೆಂಬುದು ಇಂಚಿಗಿಂತ ಹೆಚ್ಚಾಗಿ ಬಾಕ್ಸಿನ ಗಾತ್ರ ಮತ್ತು ಸ್ಪೀಕರಿನ ಗುಣಕ್ಕೆ ಸೇರಿದ್ದು.

ಇದಕ್ಕೆ ಅಂಪೆಗ್ ಕಂಪನಿಯ ಎಂಟು ಸ್ಪೀಕರಿನ ಕ್ಯಾಬಿನೆಟ್ಟೇ ಸಾಕ್ಷಿ. ಎಸ್‌ವಿಟಿ ಹೆಡ್ 1969ರಲ್ಲಿ ಬಂದಾಗ ದೊಡ್ಡ ವೇದಿಕೆಗಳ ಬೇಸ್ ಧ್ವನಿಗೆ ಅದೇ ಮಾದರಿಯಾಯಿತು. ಅದರ ಜೊತೆಯ ಎಂಟು ಹತ್ತಿಂಚಿನ ಬಾಕ್ಸಿಗೆ ಕಂಪನಿ ಕೊಡುವ ಅಂಕಿ ನೋಡಿ: 58 ಹರ್ಟ್ಸ್‌ನಲ್ಲಿಯೇ 3 ಡೆಸಿಬೆಲ್ ಇಳಿಕೆ, 40ರಲ್ಲಿ 10 ಡೆಸಿಬೆಲ್ ಇಳಿಕೆ. ಜಗತ್ತಿನ ಅತಿ ಹೆಸರಾದ ಬೇಸ್ ಬಾಕ್ಸಿಗೂ ಬಿಟ್ಟ ಇ ತಂತಿಯ ಮೂಲಸ್ವರ ಪೂರ್ತಿ ಬರುವುದಿಲ್ಲ. ಆದರೂ ಕೇಳುಗರಿಗೆ ಇ ಸ್ವರ ಇಯೇ ಆಗಿ ಕೇಳುತ್ತದೆ. 82, 123, 164 ಹರ್ಟ್ಸ್‌ನ ಉಪಸ್ವರಗಳು ಕಿವಿಗೆ ಬಿದ್ದರೆ ಮೆದುಳು 41ನ್ನು ತಾನೇ ಕೂಡಿಸಿಕೊಳ್ಳುತ್ತದೆ. ಹಾಗಾಗಿ ಬಾಕ್ಸ್ ಪರೀಕ್ಷಿಸುವಾಗ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದರ ಜೊತೆಗೆ 80ರಿಂದ 800 ಹರ್ಟ್ಸ್‌ವರೆಗೆ ಎಲ್ಲ ಸ್ವರವೂ ಸಮವಾಗಿ ಬರುತ್ತದೆಯೇ ಎಂದು ಮೆಟ್ಟಿಲು ಮೆಟ್ಟಿಲಾಗಿ ನುಡಿಸಿ ನೋಡಬೇಕು.

ಎರಡು ಸ್ಪೀಕರಿನ ಬಾಕ್ಸನ್ನು ಅಡ್ಡಲಾಗಿ ಇಡುವುದಕ್ಕಿಂತ ನೆಟ್ಟಗೆ ನಿಲ್ಲಿಸಿ. ಮೇಲಿನ ಸ್ಪೀಕರ್ ನುಡಿಸುವವರ ಕಿವಿಗೆ ಹತ್ತಿರವಾಗುತ್ತದೆ, ನಡುಸ್ವರಗಳು ಎಡಬಲಕ್ಕೆ ಅಗಲವಾಗಿ ಹರಡುತ್ತವೆ. ಬೇರೆ ಬೇರೆ ಅಳತೆಯ ಬಾಕ್ಸ್‌ಗಳನ್ನು ಕೂಡಿಸುವುದಕ್ಕಿಂತ ಒಂದೇ ಬಗೆಯ ಎರಡನ್ನು ಕೂಡಿಸುವುದು ಒಳಿತು. ಬೆರಕೆಯಲ್ಲಿ ಕೆಲವು ಸ್ವರಗಳು ಒಂದನ್ನೊಂದು ತಿನ್ನುತ್ತವೆ.

ಹೆಡ್: ವಾಲ್ವಿನಿಂದ ಕ್ಲಾಸ್ ಡಿವರೆಗೆ

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. ಮರುವರ್ಷವೇ ಅದಕ್ಕಾಗಿ 15 ಇಂಚಿನ ಒಂದು ಸ್ಪೀಕರಿನ ಬೇಸ್‌ಮನ್ ಆಂಪ್ ಬಂತು. ವಾದ್ಯದ ಹಿಂದೆಯೇ ಆಂಪ್ ಬರಬೇಕಾಯಿತು, ಏಕೆಂದರೆ ಈ ವಾದ್ಯಕ್ಕೆ ತಂಬೂರಿಯಂತೆ ತನ್ನದೇ ಬುರುಡೆಯಿಲ್ಲ. ವಾಲ್ವ್ ಆಂಪುಗಳ ಬೆಚ್ಚಗಿನ ನುಡಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಆದರೆ 300 ವ್ಯಾಟಿನ ವಾಲ್ವ್ ಹೆಡ್ ಹೆಚ್ಚುಕಡಿಮೆ 40 ಕಿಲೋ ತೂಗುತ್ತದೆ. ಕ್ಲಾಸ್ ಡಿ ತಂತ್ರದ 500 ವ್ಯಾಟಿನ ಹೆಡ್ 2–3 ಕಿಲೋ; ಗಿಟಾರ್ ಚೀಲದ ಜೇಬಿನಲ್ಲಿ ಕೂರುತ್ತದೆ. ಬಸ್ಸಿನಲ್ಲೋ ಬೈಕಿನಲ್ಲೋ ಕಾರ್ಯಕ್ರಮಕ್ಕೆ ಹೋಗುವ ಹಳ್ಳಿಯ ಕಲಾವಿದರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ. ನಿಯೋಡೈಮಿಯಂ ಆಯಸ್ಕಾಂತದ ಸ್ಪೀಕರುಗಳಿಂದ ಬಾಕ್ಸುಗಳೂ ಹಗುರವಾಗಿವೆ, ಬೆಲೆ ಮಾತ್ರ ಏರಿದೆ.

ವಾಲ್ವ್ ಹೆಡ್ಡನ್ನು ಸ್ಪೀಕರ್ ಜೋಡಿಸದೆ ಎಂದೂ ಚಾಲೂ ಮಾಡಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಓಮ್ ಲೆಕ್ಕ

ಹೆಡ್ಡಿನ ಹಿಂಬದಿಯಲ್ಲಿ ‘ಕನಿಷ್ಠ 4 ಓಮ್’ ಎಂದಿದ್ದರೆ ಅದಕ್ಕಿಂತ ಕಡಿಮೆ ಓಮ್ ಜೋಡಿಸಬಾರದು ಎಂದರ್ಥ. 8 ಓಮಿನ ಒಂದು ಬಾಕ್ಸ್ 8. ಅಂಥವೆರಡು ಸಮಾನಾಂತರವಾಗಿ ಸೇರಿದರೆ 4. ನಾಲ್ಕು ಸೇರಿದರೆ 2. ಎಂಟಕ್ಕೆ ನಾಲ್ಕು ಓಮಿನದು ಸೇರಿದರೆ 2.67. ಹೆಡ್ಡಿನ ಮೇಲೆ ಬರೆದ 500 ವ್ಯಾಟ್ ಸಾಮಾನ್ಯವಾಗಿ 4 ಓಮಿನದು. ಒಂದೇ 8 ಓಮ್ ಬಾಕ್ಸಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಮುಂದೆ ಇನ್ನೊಂದು ಬಾಕ್ಸ್ ಕೊಳ್ಳುವ ಆಲೋಚನೆ ಇದ್ದವರು ಮೊದಲಿನದನ್ನೂ 8 ಓಮಿನದೇ ಕೊಳ್ಳಲಿ.

ಹೆಡ್ಡಿನಿಂದ ಬಾಕ್ಸಿಗೆ ದಪ್ಪ ಸ್ಪೀಕರ್ ವೈರ್ ಇರಲಿ, ತಿರುಗಿಸಿ ಬಿಗಿಯುವ ಸ್ಪೀಕಾನ್ ಪಿನ್ ಇದ್ದರೆ ಇನ್ನೂ ಚೆನ್ನ. ಗಿಟಾರ್ ಕೇಬಲ್ಲು ನೋಡಲು ಒಂದೇ ತರಹ ಕಂಡರೂ ಒಳಗಿನ ಎಳೆ ಬಲು ತೆಳು; ಬಿಸಿಯಾಗಿ ಕರಗಬಹುದು.

ವೇದಿಕೆಗೊಂದು ದಾರಿ, ಜನರಿಗೊಂದು ದಾರಿ

ಗುಡ್ಡಾಪುರದ ದಾನಮ್ಮನ ಜಾತ್ರೆಯಂಥ ಜನಜಂಗುಳಿಗೆ ವೇದಿಕೆಯ ಆಂಪಿನಿಂದ ಬೇಸ್ ಕೇಳಿಸುತ್ತೇನೆಂದು ಹೊರಡುವುದು ವ್ಯರ್ಥ, ಮೇಲಿನ ಲೆಕ್ಕವೇ ಅದನ್ನು ಹೇಳಿದೆ. ಜನರಿಗೆ ಕೇಳಿಸುವ ಕೆಲಸ ಸೌಂಡ್ ಸರ್ವಿಸ್‌ನವರ ದೊಡ್ಡ ಬಾಕ್ಸ್‌ಗಳದು. ನಿಮ್ಮ ಆಂಪ್ ನಿಮಗೂ ಪಕ್ಕದ ಕೀಬೋರ್ಡಿನವರಿಗೂ ಹಾಡುವವರಿಗೂ ಕೇಳಿದರೆ ಸಾಕು. ಎರಡನ್ನೂ ಜೋಡಿಸುವುದು ಡಿಐ: ಹೆಡ್ಡಿನಿಂದ ಅಥವಾ ಪ್ರತ್ಯೇಕ ಡಿಐ ಬಾಕ್ಸಿನಿಂದ ಮಿಕ್ಸರಿಗೆ ಹೋಗುವ ಎಕ್ಸ್‌ಎಲ್‌ಆರ್ ತಂತಿ. ಡಿಐ ಇಲ್ಲದ ಹೆಡ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಈ ಭಾಗದ ಕಲಾವಿದರಿಗೆ ಕೊಳ್ಳಿ ಎಂದು ನಾನು ಹೇಳಲಾರೆ.

ಡಿಜೆ ಮೆರವಣಿಗೆಯ ಹದಿನೆಂಟಿಂಚಿನ ಜೋಡಿ ಬಾಕ್ಸ್‌ಗಳಿಗೆ ಮಾತ್ರ ಬೇಸ್ ಗಿಟಾರ್ ಕೊಡುವುದೂ ಸರಿಯಲ್ಲ. ಅವಕ್ಕೆ ನೂರು ಹರ್ಟ್ಸ್ ಆಚೀಚೆಗಿಂತ ಮೇಲಿನದನ್ನು ಕತ್ತರಿಸಿ ಕೊಟ್ಟಿರುತ್ತಾರೆ. ಬೆರಳಿನ ನಡೆ ಅಳಿಸಿ ಬರೀ ಗುಡುಗು ಉಳಿಯುತ್ತದೆ. ಇಳಯರಾಜ ಸಂಗೀತದ ‘ಗೀತಾ’ (1981) ಚಿತ್ರದ ಹಾಡುಗಳನ್ನು ನುಡಿಸುವ ತಂಡ ಯಾವುದೇ ಇರಲಿ, ಬೇಸ್ ನಡೆ ಸ್ಪಷ್ಟವಾಗಿ ಕೇಳದಿದ್ದರೆ ಹಾಡಿನ ಬೆನ್ನೆಲುಬೇ ಹೋದಂತೆ. ಶಿಶುನಾಳ ಶರೀಫರ ತತ್ವಪದಗಳಿಗೆ ಬೇಸ್ ಗಿಟಾರ್ ಕೂಡಿಸಿದ ರಘು ದೀಕ್ಷಿತ್ ಪ್ರಾಜೆಕ್ಟಿನ ಹಾಡುಗಳಿಗೂ ಇದೇ ಮಾತು ಸಲ್ಲುತ್ತದೆ. ಮೇಲಿನ ಬಾಕ್ಸಿಗೂ ಕೆಳಗಿನ ಬಾಕ್ಸಿಗೂ ಬೇಸ್ ಹೋಗಲಿ ಎಂದು ಸೌಂಡಿನವರಿಗೆ ಮೊದಲೇ ಹೇಳಿ.

ಡೊಳ್ಳು, ಆಕ್ಟೋಪ್ಯಾಡಿನ ಕಿಕ್, ಕೀಬೋರ್ಡಿನ ಎಡಗೈ, ಬೇಸ್ ಗಿಟಾರ್ ನಾಲ್ಕೂ 60–120 ಹರ್ಟ್ಸ್‌ನಲ್ಲಿ ಜಾಗಕ್ಕೆ ಜಗಳ ಹೂಡುತ್ತವೆ. ಆಗ ಬೇಸ್ ಗುಂಡಿ ಏರಿಸಿದರೆ ಗದ್ದಲವೇ ಹೆಚ್ಚುತ್ತದೆ. 200ರಿಂದ 800 ಹರ್ಟ್ಸ್ ತುಸು ಏರಿಸಿ, ಕೀಬೋರ್ಡಿನವರಿಗೆ ಎಡಗೈ ಬಿಡಲು ಕೇಳಿಕೊಳ್ಳಿ.

ಬಾಕ್ಸ್ ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಗುಡಿಯ ಗೋಡೆಯಿಂದ ಒಂದು ಮೀಟರ್ ಮುಂದಿಟ್ಟರೆ ಗೋಡೆಗೆ ಬಡಿದು ಮರಳಿದ ಅಲೆ 86 ಹರ್ಟ್ಸ್ ಸುತ್ತಿನ ಸ್ವರಗಳನ್ನು ಕೊಲ್ಲುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಆ ತೊಂದರೆ ಇಲ್ಲ, ತಗ್ಗಿಗೆ ಬಲವೂ ಬರುತ್ತದೆ. ಟ್ರೇಲರಿನ ತಗಡಿನ ಮೇಲಾದರೆ ಕೆಳಗೆ ದಪ್ಪ ರಬ್ಬರ್ ಹಾಸಿ.

ಕರೆಂಟು ಮತ್ತು ಅರ್ತಿಂಗ್

ಮೈಕಿಗೆ ತುಟಿ ತಾಗಿದ ಕೂಡಲೇ ‘ಚುರ್’ ಎನ್ನುವ ಅನುಭವ ಹಾಡುತ್ತ ಗಿಟಾರ್ ನುಡಿಸುವವರಿಗೆ ಹೊಸದಲ್ಲ. ಗಿಟಾರಿನ ತಂತಿಗಳು ಆಂಪಿನ ಅರ್ತಿಗೆ, ಮೈಕು ಮಿಕ್ಸರಿನ ಅರ್ತಿಗೆ ಸೇರಿರುತ್ತವೆ. ಒಂದು ಜನರೇಟರಿನಿಂದ, ಇನ್ನೊಂದು ಗುಡಿಯ ಮೀಟರಿನಿಂದ ಕರೆಂಟು ಪಡೆದಿದ್ದರೆ ಎರಡರ ನಡುವಿನ ವೋಲ್ಟೇಜಿನಿಂದ ಕರೆಂಟು ನುಡಿಸುವವರ ಮೈಯೊಳಗೆ ಹಾಯಬಹುದು. ಇದು ಜೀವ ತೆಗೆಯಬಲ್ಲದು. ವೇದಿಕೆಯ ಎಲ್ಲ ಸಾಧನಗಳಿಗೂ ಒಂದೇ ಬೋರ್ಡಿನಿಂದ ಕರೆಂಟು ಬರಲಿ, ಆ ಬೋರ್ಡಿಗೆ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ, ಜನರೇಟರಿಗೆ ನೆಲದಲ್ಲಿ ಹುಗಿದ ಅರ್ತ್ ಇರಲಿ. ‘ಹಮ್’ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಕೀಳುವವರನ್ನು ತಡೆಯಿರಿ. ಅದಕ್ಕಾಗಿಯೇ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಗುಂಡಿ ಇದೆ.

ಹೊರದೇಶದಿಂದ ಬಂದ ಹೆಡ್ ಕೊಳ್ಳುವಾಗ ಹಿಂಬದಿಯಲ್ಲಿ 230 ವೋಲ್ಟ್ ಎಂದಿದೆಯೇ ನೋಡಿ. 120 ವೋಲ್ಟಿನದನ್ನು ನೇರ ಚುಚ್ಚಿದರೆ ಅಲ್ಲಿಗೇ ಮುಗಿಯಿತು. ಜತ್ತದ ಒಣ ಧೂಳು ಕ್ಲಾಸ್ ಡಿ ಹೆಡ್ಡುಗಳ ಪುಟ್ಟ ಫ್ಯಾನನ್ನು ಬೇಗ ಕಟ್ಟುತ್ತದೆ. ಹೊದಿಕೆ ಇರಲಿ, ಆಗಾಗ ಊದಿ ತೆಗೆಯುವ ರೂಢಿಯೂ ಇರಲಿ.

ಯಾರಿಗೆ ಎಷ್ಟು?

ಮನೆಯಲ್ಲಿ ಕಲಿಯುವವರಿಗೆ 8 ಅಥವಾ 10 ಇಂಚಿನ, 15–40 ವ್ಯಾಟಿನ ಕಾಂಬೊ ಸಾಕು. ಭಜನೆ, ತಬಲಾ, ಹಾರ್ಮೋನಿಯಂ ಜೊತೆಗಾದರೆ 100 ವ್ಯಾಟ್. ಡ್ರಮ್ ಸೆಟ್ ಇರುವ ರಸಮಂಜರಿ ವೇದಿಕೆಗೆ 300ರಿಂದ 500 ವ್ಯಾಟಿನ ಹೆಡ್, ಎರಡು ಹತ್ತಿಂಚಿನ ಅಥವಾ ಒಂದು ಹನ್ನೆರಡಿಂಚಿನ 8 ಓಮ್ ಬಾಕ್ಸ್. ಕೈಗೆ ದುಡ್ಡು ಬಂದಾಗ ಅಂಥದೇ ಇನ್ನೊಂದು.

ಇಡೀ ತಂಡಕ್ಕೆ ಒಂದೇ ಸಾಧನ ಕೊಳ್ಳುವ ಶಕ್ತಿ ಇದ್ದರೆ 12 ಅಥವಾ 15 ಇಂಚಿನ, ಒಳಗೇ ಆಂಪ್ ಇರುವ ಆಕ್ಟಿವ್ ಪಿಎ ಸ್ಪೀಕರ್ ಜಾಣ ಆಯ್ಕೆ. ಇಂದು ಬೇಸಿಗೆ, ನಾಳೆ ಭಜನೆಯ ಮೈಕಿಗೆ. ಆದರೆ ಬೇಸನ್ನು ಅದರ ಲೈನ್ ಇನ್‌ಪುಟ್ಟಿಗೆ ನೇರ ಚುಚ್ಚಿದರೆ ನುಡಿ ಮಂಕಾಗುತ್ತದೆ. ಸುಮಾರು ಒಂದು ಮೆಗಾಓಮ್ ಇನ್‌ಪುಟ್ ಇರುವ ಪ್ರಿಆಂಪ್ ಪೆಡಲ್ ನಡುವೆ ಇರಬೇಕು.

ಏನೇ ಕೊಂಡರೂ ಒಂದು ಮಾತು ನೆನಪಿರಲಿ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಜಾತ್ರಾ ಕಮಿಟಿಯವರು ಅನುಮತಿ ಪಡೆದಿದ್ದಾರೆಯೇ ಎಂದು ಕೇಳಿಯೇ ಮುಂಗಡ ಹಿಡಿಯುವುದು ಕ್ಷೇಮ.

ಹಳೆಯದನ್ನು ಕೊಳ್ಳುವಾಗ

ಬಳಸಿದ ಬಾಕ್ಸಿನಲ್ಲಿ ಒಳ್ಳೆಯ ವ್ಯಾಪಾರ ಸಿಗುತ್ತದೆ, ಪರೀಕ್ಷೆ ಮಾಡುವ ತಾಳ್ಮೆ ಬೇಕು. ಜಾಳಿಗೆ ಬಿಚ್ಚಿಸಿ. ಎರಡೂ ಕೈಯ ಬೆರಳುಗಳನ್ನು ಕೋನಿನ ಎರಡು ಬದಿಗೆ ಸಮನಾಗಿಟ್ಟು ಮೆಲ್ಲಗೆ ಒಳಗೊತ್ತಿ ಬಿಡಿ. ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ, ಅದು ಸುಟ್ಟಿರಬಹುದು. ಮೂಗು ಹತ್ತಿರ ತಂದರೆ ಸುಟ್ಟ ಅರಗಿನ ವಾಸನೆಯೂ ಗೊತ್ತಾಗುತ್ತದೆ. ಮಲ್ಟಿಮೀಟರಿನಲ್ಲಿ 8 ಓಮಿನ ಸ್ಪೀಕರ್ ಐದೂವರೆಯಿಂದ ಏಳರ ನಡುವೆ, 4 ಓಮಿನದು ಮೂರರಿಂದ ಮೂರೂವರೆ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಒಂದಕ್ಕಿಂತ ಹೆಚ್ಚು ಸ್ಪೀಕರ್ ಇದ್ದರೆ 9 ವೋಲ್ಟಿನ ಬ್ಯಾಟರಿಯನ್ನು ಬಾಕ್ಸಿನ ಪಿನ್ನಿಗೆ ಅರೆಕ್ಷಣ ತಾಗಿಸಿ ನೋಡಿ. ಎಲ್ಲ ಕೋನ್‌ಗಳೂ ಒಂದೇ ದಿಕ್ಕಿಗೆ ಆಡಬೇಕು. ಒಂದು ಹೊರಗೆ, ಇನ್ನೊಂದು ಒಳಗೆ ಹೋದರೆ ಯಾರೋ ರಿಪೇರಿ ಮಾಡುವಾಗ ತಂತಿ ಅದಲುಬದಲು ಮಾಡಿದ್ದಾರೆ. ಒಂದು ನೂಕಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ತಗ್ಗಿನ ಸ್ವರವೇ ಮಾಯವಾಗುತ್ತದೆ. ಬೆಲೆ ಇಳಿಸಿಕೊಳ್ಳಲು ಅದೊಂದು ಒಳ್ಳೆಯ ಕಾರಣ. ಮನೆಗೆ ತಂದು ಆ ಎರಡು ವೈರ್ ಅದಲಿಸಿದರೆ ಬಾಕ್ಸ್ ಸರಿಹೋಗುತ್ತದೆ.